ಅತ್ತೆಯ ಮಾತ್ರೆ ಡಬ್ಬಿ

ಗೆಳತಿಯರೇ, ನಿಮ್ಮ ಮನೆಯಲ್ಲೂ ಒಂದು ಮಾತ್ರೆ ಡಬ್ಬಿ ಇದ್ದೇ ಇರುತ್ತದೆ. ಹಳೆಯ ಬಿಸ್ಕತ್ತಿನ ಡಬ್ಬಿಯೋ, ಐಸ್‌ಕ್ರೀಮಿನ ಪ್ಲಾಸ್ಟಿಕ್ ಡಬ್ಬಿಯೋ, ದೇವರ ಗೂಡಿನ ಪಕ್ಕ ಕೂತಿರುತ್ತದೆ. ನಮ್ಮ ಮನೆಯದು ಯಾವುದೋ ಮದುವೆಯಲ್ಲಿ ಮೈಸೂರ್‌ಪಾಕ್ ತುಂಬಿ ಕೊಟ್ಟಿದ್ದ ತಗಡಿನ ಡಬ್ಬಿ. ಸಾಸಿವೆ ಎಷ್ಟಿದೆ, ತೊಗರಿಬೇಳೆ ಇನ್ನೆಷ್ಟು ದಿನಕ್ಕೆ ಬರುತ್ತದೆ ಎಂದು ಕಣ್ಣು ಮುಚ್ಚಿಕೊಂಡು ಹೇಳುವವಳು ನಾನು. ಆ ಡಬ್ಬಿಯ ಲೆಕ್ಕ ಮಾತ್ರ ಇಟ್ಟಿರಲಿಲ್ಲ. ಅದರಿಂದ ಏನಾಯಿತು ಎಂದು ನಿಮ್ಮಲ್ಲಿ ಹೇಳಿಕೊಳ್ಳೋಣ ಅಂತಲೇ ಇದನ್ನು ಬರೆಯುತ್ತಿದ್ದೇನೆ.

ನಮ್ಮದು ಚಾಮರಾಜನಗರದ ಹತ್ತಿರದ ಹರದನಹಳ್ಳಿ. ದಿವ್ಯಲಿಂಗೇಶ್ವರನ ಗುಡಿಯ ಊರು ಎಂದರೆ ಈ ಕಡೆಯವರಿಗೆಲ್ಲ ಗೊತ್ತು. ಎರಡು ಎಕರೆ ಹೊಲ, ಅದರಲ್ಲಿ ಅರಿಸಿನ. ಕೊಟ್ಟಿಗೆಯಲ್ಲಿ ಎರಡು ಹಸು. ನಮ್ಮವರು ಬೇಸಾಯದ ಜೊತೆಗೆ ಹಾಲಿನ ಡೈರಿಯಲ್ಲಿ ಲೆಕ್ಕ ಬರೆಯುತ್ತಾರೆ. ನಾನು ಎಸ್.ಎಸ್.ಎಲ್.ಸಿ. ಮುಗಿಸಿ ಈ ಮನೆಗೆ ಸೊಸೆಯಾಗಿ ಬಂದವಳು. ಮಗಳು ಪಿ.ಯು.ಸಿ. ಓದುತ್ತಿದ್ದಾಳೆ. ಇನ್ನು ನಮ್ಮತ್ತೆ. ಎಪ್ಪತ್ತು ದಾಟಿದ ಜೀವ, ಬಿ.ಪಿ.ಯೂ ಉಂಟು, ಸಕ್ಕರೆ ಕಾಯಿಲೆಯೂ ಉಂಟು.

ತೋರಿಸಲು ಹೋಗುತ್ತಿದ್ದುದು ಸರ್ಕಾರಿ ಆಸ್ಪತ್ರೆಗೆ. ಯಾವುದು ಎಂದು ಹೆಸರು ಹೇಳುವುದಿಲ್ಲ. ನಿಮ್ಮೂರಿನಲ್ಲೂ ಇದೇ ಕಥೆ ಇದ್ದೀತು. ಬೆಳಗ್ಗೆ ಹೋಗಿ ಚೀಟಿ ಮಾಡಿಸಬೇಕು, ಸಾಲಿನಲ್ಲಿ ನಿಲ್ಲಬೇಕು, ಡಾಕ್ಟರು ಬರೆದುಕೊಟ್ಟದ್ದನ್ನು ಹಿಡಿದು ಔಷಧಿ ಕೊಡುವ ಕಿಟಕಿಯ ಮುಂದೆ ಮತ್ತೊಂದು ಸಾಲು. ಕಿಟಕಿಯಲ್ಲಿದ್ದ ಹುಡುಗ ಸಕ್ಕರೆ ಕಾಯಿಲೆಯದೊಂದು ಮಾತ್ರೆ ಕೊಟ್ಟು, ಮಿಕ್ಕವಕ್ಕೆ ಪೆನ್ನಿನಲ್ಲಿ ಗೀಟು ಹಾಕಿ, "ಇವು ಇಲ್ಲ, ಹೊರಗಡೆ ತಗೊಳ್ಳಿ" ಎನ್ನುತ್ತಿದ್ದ. ಸರಿ, ಹೊರಗಡೆ ತೆಗೆದುಕೊಳ್ಳುತ್ತಿದ್ದೆವು. ಆಸ್ಪತ್ರೆಯ ಎದುರಿಗೇ ಸಾಲುಸಾಲು ಮೆಡಿಕಲ್ ಅಂಗಡಿ. ತಿಂಗಳಿಗೆ ಒಂಬೈನೂರು, ಒಮ್ಮೊಮ್ಮೆ ಸಾವಿರ. ನೋಡಿದ್ದು ಧರ್ಮಾಸ್ಪತ್ರೆಯಲ್ಲಿ, ದುಡ್ಡು ಕೊಟ್ಟದ್ದು ಅಂಗಡಿಗೆ. ಇದು ಹೀಗೇ ಇರುವುದು ಎಂದುಕೊಂಡಿದ್ದೆವು. ಮಳೆ ಬಂದರೆ ಅಂಗಳ ನೆನೆಯುತ್ತದೆ ಎನ್ನುವ ಹಾಗೆ.

ಒಂದು ಸಂಜೆ ಡೈರಿಯ ಬಟವಾಡೆ ಬಂದಿತ್ತು. ಲೆಕ್ಕ ಹಾಕುತ್ತಾ ನಾನು, "ಹಾಲಿನ ದುಡ್ಡೆಲ್ಲ ಮಾತ್ರೆಗೇ ಹೋಯ್ತಲ್ಲ" ಅಂದೆ. ಯಾರ ಮೇಲಿನ ಸಿಟ್ಟೂ ಅಲ್ಲ, ಸುಮ್ಮನೆ ಬಾಯಿಗೆ ಬಂದ ಮಾತು. ಅತ್ತೆ ಜಗಲಿಯ ಮೇಲೆ ಅವರೆಕಾಯಿ ಸುಲಿಯುತ್ತಿದ್ದರು. ಏನೂ ಅನ್ನಲಿಲ್ಲ. ನನಗೂ ಮರೆತುಹೋಯಿತು.

2024ರ ಶ್ರಾವಣ. ಬೆಳಗ್ಗೆ ಕಾಫಿ ಕೊಡಲು ಹೋದೆ. ಅತ್ತೆಯ ಎಡಗೈಯಿಂದ ಲೋಟ ಜಾರಿ ಬಿತ್ತು. ಬಗ್ಗಿ ಎತ್ತಿಕೊಳ್ಳಲು ಹೋದವರು ಹಾಗೇ ಗೋಡೆಗೆ ಒರಗಿಕೊಂಡರು. ಏನೋ ಹೇಳುತ್ತಾರೆ, ಮಾತು ತೊದಲು. ಬಾಯಿ ಒಂದು ಕಡೆಗೆ ಎಳೆದುಕೊಂಡ ಹಾಗೆ. ನಮ್ಮವರು ಆಟೋ ತಂದರು. ಆಸ್ಪತ್ರೆಯಲ್ಲಿ ಬಿ.ಪಿ. ನೋಡಿದಾಗ ಮೇಲಿನದು ಇನ್ನೂರು ದಾಟಿತ್ತು. ಲಕ್ವದ ಹೊಡೆತ ಅಂದರು. ದೇವರ ದಯೆ, ಬೇಗ ಕರೆದುಕೊಂಡು ಹೋದದ್ದರಿಂದ ಮಾತು ತಿರುಗಿ ಬಂತು. ಎಡಗೈಯ ಬೆರಳುಗಳಿಗೆ ಮಾತ್ರ ಇವತ್ತಿಗೂ ಪೂರ್ತಿ ಬಲ ಬಂದಿಲ್ಲ. ಅವರೆಕಾಯಿ ಸುಲಿಯಲು ಆಗುವುದಿಲ್ಲ.

ಅಲ್ಲಿದ್ದ ಡಾಕ್ಟರಮ್ಮ ಚಿಕ್ಕ ವಯಸ್ಸಿನವರು. "ಯಾವ ಯಾವ ಮಾತ್ರೆ ಕೊಡ್ತಿದ್ರಿ, ತಂದು ತೋರಿಸಿ" ಎಂದರು. ಮನೆಗೆ ಬಂದು ಡಬ್ಬಿ ತೆಗೆದೆ. ತುಂಬಾ ಮಾತ್ರೆ. ಆ ಹೊತ್ತಿಗೆ ಮುಗಿದಿರಬೇಕಾಗಿದ್ದ ಹಾಳೆಗಳಲ್ಲಿ ಅರ್ಧಕ್ಕರ್ಧ ಮಾತ್ರೆ ಹಾಗೇ ಕೂತಿದ್ದವು. ತಳದಲ್ಲಿ ಒಂದು ಪೇಪರ್ ಪೊಟ್ಟಣ. ಬಿಚ್ಚಿದರೆ ಚಾಕುವಿನಲ್ಲಿ ಎರಡಾಗಿ ಕತ್ತರಿಸಿದ ತುಂಡುಗಳು.

ನಾನು ಅಲ್ಲೇ ನೆಲದ ಮೇಲೆ ಕೂತುಬಿಟ್ಟೆ.

ಅತ್ತೆಗೆ ಸ್ವಲ್ಪ ಗುಣವಾದ ಮೇಲೆ ಕೇಳಿದೆ. "ಯಾಕತ್ತೆ ಹಿಂಗೆ ಮಾಡಿದ್ರಿ?" ಅಂದೆ. ಅವರು ಮುಖ ತಿರುಗಿಸಿಕೊಂಡು, "ಏನ್ ಮಾಡಾನ ಮಗ. ಒಂದಿನ ಬುಟ್ಟು ಒಂದಿನ ನುಂಗುದ್ರೆ ಒಂದು ತಿಂಗ್ಳದು ಎರಡು ತಿಂಗ್ಳು ಬತ್ತದೆ ಅಂತ. ಹಾಲಿನ ದುಡ್ಡೆಲ್ಲ ನನ್ ಮಾತ್ರೆಗೇ ಹೋದ್ರೆ ಮೊಗಿನ ಓದಿಗೆ ಏನ್ ಮಾಡೀರಿ?" ಅಂದರು. ನಾನು ಆಡಿದ ಮಾತು, ಅಕ್ಷರ ಬಿಡದೆ, ಅವರ ಬಾಯಲ್ಲಿ.

ಹೇಳಿ ಗೆಳತಿಯರೇ, ಇದಕ್ಕೆ ಏನು ಉತ್ತರ ಕೊಡುತ್ತೀರಿ? ನಮ್ಮ ಮನೆಯ ಹಿರಿಯ ಹೆಂಗಸರು ಹೀಗೇ. ತಮಗೆ ಅಂತ ಖರ್ಚಾಗುವ ದುಡ್ಡನ್ನು ಕದ್ದ ದುಡ್ಡಿನ ಹಾಗೆ ನೋಡುತ್ತಾರೆ. ನಿಮ್ಮ ಅತ್ತೆ, ನಿಮ್ಮ ತಾಯಿ ಮಾತ್ರೆ ಸರಿಯಾಗಿ ನುಂಗುತ್ತಿದ್ದಾರೆಯೇ ಎಂದು ಅವರನ್ನು ಕೇಳಬೇಡಿ, ಸುಳ್ಳು ಹೇಳುತ್ತಾರೆ. ಹಾಳೆ ಎಣಿಸಿ ನೋಡಿ.

ಡಾಕ್ಟರಮ್ಮ ಡಬ್ಬಿಯನ್ನು ಮೇಜಿನ ಮೇಲೆ ಸುರುವಿಕೊಂಡು ಒಂದೊಂದೇ ಹಾಳೆ ತಿರುವಿ ನೋಡಿದರು. ಅತ್ತೆಯ ಬಿ.ಪಿ. ಮಾತ್ರೆ ಎರಡು ಔಷಧಿಯನ್ನು ಸೇರಿಸಿ ಒಂದೇ ಮಾಡಿದ್ದು. ಮೇಲೆ ಒಂದು ಕಂಪನಿಯ ಹೆಸರು ದೊಡ್ಡದಾಗಿ. ಅದರ ಕೆಳಗೆ ಇರುವೆಯಂಥ ಅಕ್ಷರದಲ್ಲಿ ಇದ್ದದ್ದನ್ನು ಓದಿಸಿದರು: ಟೆಲ್ಮಿಸಾರ್ಟನ್, ಆಮ್ಲೋಡಿಪಿನ್. "ಅಮ್ಮ, ಇವೆರಡೂ ಬಿಡಿಬಿಡಿಯಾಗಿ ನಮ್ಮ ಕಿಟಕಿಯಲ್ಲೇ ಇವೆಯಲ್ಲ. ಎರಡು ಮಾತ್ರೆ ನುಂಗಬೇಕು ಅಷ್ಟೆ. ಯಾಕೆ ಹೊರಗೆ ತಗೊಂಡ್ರಿ?" ಅಂದರು.

ನನಗೆ ಭೂಮಿ ಬಿರಿಯಬಾರದೆ ಅನ್ನಿಸಿತು. ಎಂಟು ತಿಂಗಳು! ಯಾರೋ ಕಂಪನಿಯ ಹೆಸರು ಬರೆದರು, ಕಿಟಕಿಯ ಹುಡುಗ ಆ ಹೆಸರು ತನ್ನಲ್ಲಿಲ್ಲ ಎಂದು ಗೀಟು ಹಾಕಿದ, ನಾವು ಅಂಗಡಿಗೆ ಹೋದೆವು. ಪುಕ್ಕಟೆ ಸಿಗುವ ಔಷಧಿ ಅವನ ಬೆನ್ನ ಹಿಂದಿನ ಕಪಾಟಿನಲ್ಲೇ ಇತ್ತು. ಸುಳ್ಳು ಹೇಳಿದವರು ಯಾರೂ ಇಲ್ಲ, ಮೋಸ ಮಾಡಿದವರೂ ಇಲ್ಲ. ಆದರೂ ನಮ್ಮ ಅತ್ತೆಯ ಕೈ ಹೋಯಿತು.

ಅವತ್ತಿನಿಂದ ನನಗೆ ಈ ಔಷಧಿಯ ಹೆಸರು, ಬೆಲೆ ಎಂಬುದರ ಹುಚ್ಚು ಹಿಡಿದಿದೆ. ಮಗಳು ಫೋನಿನಲ್ಲಿ ಹುಡುಕಿ ಓದುತ್ತಾಳೆ, ನಾನು ಹಾಲಿನ ಲೆಕ್ಕದ ಪುಸ್ತಕದ ಹಿಂಬದಿಯಲ್ಲಿ ಬರೆದುಕೊಳ್ಳುತ್ತೇನೆ. ನಮ್ಮವರು ನಗುತ್ತಾರೆ, "ಕಾಂಪೌಂಡರ್ ಪರೀಕ್ಷೆ ಕಟ್ಟಿದ್ದೀಯಾ?" ಅಂತ.

ಹೆಸರಿನ ಮರ್ಮ ನನಗೆ ಅರ್ಥವಾದದ್ದು ಅರಿಸಿನದಿಂದ. ನಮ್ಮ ಹೊಲದ ಅರಿಸಿನವನ್ನು ಅಗೆದು, ಬೇಯಿಸಿ, ಒಣಗಿಸಿ, ಪಾಲಿಶ್ ಮಾಡಿ ಈರೋಡಿನ ಮಂಡಿಗೆ ಕಳಿಸುತ್ತೇವೆ. ಅದೇ ಅರಿಸಿನ ಪುಡಿಯಾಗಿ, ಬಣ್ಣದ ಪೊಟ್ಟಣದಲ್ಲಿ ಕೂತು, ನಮ್ಮೂರಿನ ಅಂಗಡಿಗೆ ವಾಪಸ್ಸು ಬಂದಾಗ ಬೆಲೆ ಎಲ್ಲಿಗೋ ಹೋಗಿರುತ್ತದೆ. ಒಳಗಿನ ಸರಕು ನಮ್ಮದೇ. ಔಷಧಿಯೂ ಹಾಗೆ. ಮೂಲದ ಹೆಸರು ಒಂದು, ಕಂಪನಿಗಳು ಇಟ್ಟ ಹೆಸರು ನೂರು. 1975ರಲ್ಲೇ ಜೈಸುಖಲಾಲ್ ಹಾಥಿಯವರ ಸಮಿತಿ, ಕಂಪನಿಯ ಹೆಸರುಗಳನ್ನು ಹಂತಹಂತವಾಗಿ ಬಿಟ್ಟು ಮೂಲ ಹೆಸರಿನಲ್ಲೇ ಔಷಧಿ ಮಾರಬೇಕು ಎಂದು ಕೇಂದ್ರ ಸರ್ಕಾರಕ್ಕೆ ಹೇಳಿತ್ತಂತೆ. ಡಾಕ್ಟರುಗಳು ಮೂಲ ಹೆಸರನ್ನು ಓದಲು ಬರುವ ಹಾಗೆ, ಸಾಧ್ಯವಾದರೆ ದೊಡ್ಡ ಅಕ್ಷರದಲ್ಲಿ ಬರೆಯಬೇಕು ಎಂದು 2016ರಲ್ಲಿ ನಿಯಮವೂ ಆಯಿತು. ಇದನ್ನೇ ಇನ್ನಷ್ಟು ಬಿಗಿಮಾಡಿ 2023ರಲ್ಲಿ ತಂದ ನಿಯಮವನ್ನು ಅದೇ ಆಗಸ್ಟ್‌ನಲ್ಲಿ ತಡೆಹಿಡಿದರು. ಕಡಿಮೆ ಬೆಲೆಯ ಔಷಧಿಯ ಗುಣಮಟ್ಟಕ್ಕೆ ಯಾರು ಹೊಣೆ ಎಂದು ಡಾಕ್ಟರುಗಳ ಆಕ್ಷೇಪ. ಆ ಮಾತಿಗೆ ಆಮೇಲೆ ಬರುತ್ತೇನೆ.

ಬೆಲೆಗೆ ಲಗಾಮು ಹಾಕುವ ಕೆಲಸ ಹೊಸದೇನಲ್ಲ. ಔಷಧಿ ಬೆಲೆ ನಿಯಂತ್ರಣದ ಆದೇಶ 1970ರಲ್ಲೇ ಬಂದಿತ್ತು. ನಮ್ಮ ಚಾಮರಾಜನಗರ ಮೈಸೂರಿನಿಂದ ಬೇರೆಯಾಗಿ ಜಿಲ್ಲೆಯಾದ 1997ರಲ್ಲೇ, ಬೆಲೆ ನಿಗದಿ ಮಾಡಲು ದೆಹಲಿಯಲ್ಲಿ ಒಂದು ರಾಷ್ಟ್ರೀಯ ಪ್ರಾಧಿಕಾರವೂ ಹುಟ್ಟಿತು. 2013ರ ಆದೇಶದ ಪ್ರಕಾರ, ಅಗತ್ಯ ಔಷಧಿಗಳ ಪಟ್ಟಿಯಲ್ಲಿ ಇರುವುದಕ್ಕೆಲ್ಲ ಇಷ್ಟಕ್ಕಿಂತ ಹೆಚ್ಚು ಮಾರಬಾರದು ಎಂಬ ಗರಿಷ್ಠ ಬೆಲೆ ಉಂಟು. 2022ರ ಪಟ್ಟಿಯಲ್ಲಿ 384 ಔಷಧಿಗಳಿವೆ. ಆ ಬೆಲೆ ಕಟ್ಟುವ ರೀತಿ ಕೇಳಿ: ಪೇಟೆಯಲ್ಲಿ ಚೆನ್ನಾಗಿ ಓಡುವ ಕಂಪನಿಗಳ ಬೆಲೆಯ ಸರಾಸರಿ ತೆಗೆದು, ಅದಕ್ಕೆ ಅಂಗಡಿಯವರ ಪಾಲು ಎಂದು ನೂರಕ್ಕೆ 16 ಸೇರಿಸುವುದು. ಸಂತೆಯಲ್ಲಿ ಟೊಮೇಟೊ ಮಾರುವವರೆಲ್ಲ ಸೇರಿ ಜಾಸ್ತಿ ಹೇಳಿದರೆ ಸರಾಸರಿಯೂ ಜಾಸ್ತಿಯೇ ತಾನೆ? ಇದು ನನ್ನ ಅಡಿಗೆಮನೆಯ ಬುದ್ಧಿಗೆ ಹೊಳೆದದ್ದು, ತಪ್ಪಿದ್ದರೆ ಕ್ಷಮಿಸಿ. ಅಲ್ಲದೆ ಸಗಟು ಬೆಲೆ ಏರಿದ ಹಾಗೆ ಪ್ರತಿ ಏಪ್ರಿಲ್‌ನಲ್ಲಿ ಈ ಗರಿಷ್ಠ ಬೆಲೆಯೂ ಏರಬಹುದು. 2023ರ ಏಪ್ರಿಲ್‌ನಲ್ಲಿ ನೂರಕ್ಕೆ 12.12ರಷ್ಟು ಏರಿಸಲು ಬಿಟ್ಟಿದ್ದರು. ಪಟ್ಟಿಯ ಹೊರಗಿನವುಗಳ ಬೆಲೆಯನ್ನು ಕಂಪನಿಯವರೇ ವರ್ಷಕ್ಕೆ ನೂರಕ್ಕೆ 10ರವರೆಗೆ ಏರಿಸಿಕೊಳ್ಳಬಹುದು. 2025ರ ಸೆಪ್ಟೆಂಬರ್‌ನಲ್ಲಿ ಹೆಚ್ಚಿನ ಔಷಧಿಗಳ ಮೇಲಿನ ಜಿ.ಎಸ್.ಟಿ.ಯನ್ನು 12ರಿಂದ 5ಕ್ಕೆ ಇಳಿಸಿದ್ದು ಸ್ವಲ್ಪ ಸಮಾಧಾನ.

ಆದರೆ ಇದೆಲ್ಲ ಅಂಗಡಿಯ ಬೆಲೆಯ ಮಾತಾಯಿತು. ಸರ್ಕಾರಿ ಆಸ್ಪತ್ರೆಗೆ ಹೋದವರು ಅಂಗಡಿಗೆ ಹೋಗುವಂತೆಯೇ ಆಗಬಾರದು. ಅದು ಆಗುವ ಮಾತೇ ಎಂದು ನೀವು ಕೇಳಬಹುದು. ಅದಕ್ಕೇ ನಮ್ಮ ತಂಗಿಯ ಮನೆಯ ವಿಷಯ ಹೇಳಬೇಕು.

ತಂಗಿಯನ್ನು ತಾಳವಾಡಿಗೆ ಕೊಟ್ಟಿದೆ. ನಮಗೆ ಅದು ಪಕ್ಕದ ಊರೇ. ಸರ್ಕಾರ ತಮಿಳುನಾಡಿನದು, ಈರೋಡ್ ಜಿಲ್ಲೆ; ಮನೆಮಾತು ನಮ್ಮ ಕನ್ನಡವೇ. ರಾಜ್‌ಕುಮಾರರ ಗಾಜನೂರು ಇರುವುದೂ ಅಲ್ಲೇ. ಅವಳ ಮಾವನಿಗೂ ಬಿ.ಪಿ., ಸಕ್ಕರೆ ಎರಡೂ ಇದೆ. ಅತ್ತೆಯನ್ನು ನೋಡಲು ಬಂದಾಗ, "ತಿಂಗಳಿಗೆ ಎಷ್ಟಾಗುತ್ತೆ ನಿನಗೆ?" ಅಂದೆ. "ಎಷ್ಟಾಗುತ್ತೆ ಅಂದ್ರೆ? ದುಡ್ಡು ಯಾಕಕ್ಕ, ಆಸ್ಪತ್ರೆಯಲ್ಲೇ ಕೊಡ್ತಾರಲ್ಲ" ಅಂದಳು. ನನ್ನ ಪ್ರಶ್ನೆಯೇ ಅವಳಿಗೆ ಅರ್ಥವಾಗಲಿಲ್ಲ. 2021ರ ಆಗಸ್ಟ್‌ನಲ್ಲಿ 'ಮಕ್ಕಳೈ ತೇಡಿ ಮರುತ್ತುವಂ' ಎಂಬ ಯೋಜನೆ ಶುರುವಾದ ಮೇಲೆ ಬಿ.ಪಿ., ಸಕ್ಕರೆಯ ಮಾತ್ರೆಯನ್ನು ಮನೆ ಬಾಗಿಲಿಗೇ ತಂದುಕೊಡುತ್ತಾರಂತೆ. ನಮ್ಮ ಸರ್ಕಾರವೂ 2024ರ ಅಕ್ಟೋಬರ್‌ನಲ್ಲಿ ಕೋಲಾರದಿಂದ 'ಗೃಹ ಆರೋಗ್ಯ' ಎಂದು ಅಂಥದ್ದೇ ಒಂದನ್ನು ಆರಂಭಿಸಿತು. ಒಳ್ಳೆಯದೇ ಆಯಿತು.

ಅಲ್ಲಿಯವರು ಮಾಡಿದ್ದು ಸಂಸಾರಸ್ಥರ ಉಪಾಯ, ಬೇರೇನಲ್ಲ. 1994ರಲ್ಲಿ ಒಂದು ವೈದ್ಯಕೀಯ ಸೇವಾ ನಿಗಮ ಕಟ್ಟಿ, ಇಡೀ ರಾಜ್ಯಕ್ಕೆ ಬೇಕಾದ ಔಷಧಿಯನ್ನು ಮೂಲ ಹೆಸರಿನಲ್ಲಿ, ಟೆಂಡರ್ ಕರೆದು, ಒಟ್ಟಿಗೆ ಕೊಳ್ಳುತ್ತಾರೆ. ಮದುವೆ ಮನೆಗೆ ಮೂಟೆಯ ಲೆಕ್ಕದಲ್ಲಿ ಅಕ್ಕಿ ತಂದರೆ ಬೆಲೆ ಇಳಿಯುವುದಿಲ್ಲವೇ, ಹಾಗೆ. ಹಾಳೆಯ ಮೇಲೆ ಸರ್ಕಾರದ ಸರಬರಾಜು, ಮಾರಾಟಕ್ಕಲ್ಲ ಎಂದು ಅಚ್ಚಾಗಿರುತ್ತದೆ. ಕದ್ದು ಅಂಗಡಿಗೆ ಹಾಕುವುದು ಕಷ್ಟ. ನನಗೆ ಬಹಳ ಹಿಡಿಸಿದ್ದು ಪಾಸ್‌ಬುಕ್ಕು. ಪ್ರತಿ ಆಸ್ಪತ್ರೆಗೂ ಬ್ಯಾಂಕಿನ ಪಾಸ್‌ಬುಕ್ಕಿನಂಥದೊಂದು ಕೊಟ್ಟಿರುತ್ತಾರೆ. ಇಷ್ಟು ಮೊತ್ತ ನಿಮ್ಮದು, ನಿಮ್ಮ ಜನಕ್ಕೆ ಯಾವ ಔಷಧಿ ಬೇಕೋ ಅದನ್ನು ಗೋದಾಮಿನಿಂದ ಎತ್ತಿಕೊಳ್ಳಿ ಎಂದು. ಬೇಡದ್ದು ಬಂದು ಕೊಳೆಯುವುದಿಲ್ಲ, ಬೇಕಾದ್ದು ಎಲ್ಲಿ ಮುಗಿಯಿತು ಎಂಬುದೂ ತಿಳಿಯುತ್ತದೆ. ರಾಜಸ್ಥಾನದವರು ಇದೇ ದಾರಿ ಹಿಡಿದು 2011ರ ಗಾಂಧಿ ಜಯಂತಿಯಂದು ಉಚಿತ ಔಷಧಿ ಯೋಜನೆ ತಂದರು. ನಮ್ಮಲ್ಲೂ ಒಟ್ಟಿಗೆ ಕೊಳ್ಳಲು ಕರ್ನಾಟಕ ರಾಜ್ಯ ವೈದ್ಯಕೀಯ ಸರಬರಾಜು ನಿಗಮ ಇದೆ, ಗೋದಾಮುಗಳಿವೆ. ಟೆಂಡರು ತಡವಾದರೆ ಮಾತ್ರ ಕಿಟಕಿಯಲ್ಲಿ ಗೀಟು ಬೀಳುತ್ತದೆ.

ಈಗ ಗುಣದ ಮಾತು. ಅಗ್ಗ ಎಂದು ಯಾವುದನ್ನೋ ತಂದರೆ ಆಗದು. 2024ರ ನವೆಂಬರ್‌ನಲ್ಲಿ ಬಳ್ಳಾರಿಯ ಸರ್ಕಾರಿ ಆಸ್ಪತ್ರೆಯಲ್ಲಿ ಸಿಸೇರಿಯನ್ ಆದ ಬಾಣಂತಿಯರು ಒಬ್ಬರ ಹಿಂದೆ ಒಬ್ಬರು ತೀರಿಕೊಂಡದ್ದು ನಿಮಗೆಲ್ಲ ನೆನಪಿರಬೇಕು. ಡ್ರಿಪ್‌ನಲ್ಲಿ ಹಾಕಿದ ದ್ರಾವಣದ ಮೇಲೆ ಸಂಶಯ ಬಂತು. ಸರ್ಕಾರ ಅದರ ಬಳಕೆ ನಿಲ್ಲಿಸಿತು, ತಯಾರಿಸಿದ ಕಂಪನಿಯನ್ನು ಕಪ್ಪುಪಟ್ಟಿಗೆ ಹಾಕಿತು, ರಾಜ್ಯದ ಔಷಧ ನಿಯಂತ್ರಕರನ್ನು ಅಮಾನತು ಮಾಡಿತು. ಆ ವಾರ್ತೆ ಬಂದ ದಿನ ಅತ್ತೆಗೆ ಪುಕ್ಕಟೆ ಮಾತ್ರೆ ಕೊಡಲು ನನ್ನ ಕೈ ನಡುಗಿತು, ಸುಳ್ಳೇಕೆ ಹೇಳಲಿ. ಡಾಕ್ಟರಮ್ಮನನ್ನೇ ಕೇಳಿದೆ. ಅವರು ಬೇಸರಿಸದೆ, "ಹೆಸರಿದ್ದ ಮಾತ್ರಕ್ಕೆ ಒಳ್ಳೆಯದಲ್ಲ, ಪುಕ್ಕಟೆ ಅಂದ ಮಾತ್ರಕ್ಕೆ ಕೆಟ್ಟದ್ದಲ್ಲ. ಪರೀಕ್ಷೆ ಆಗಿರಬೇಕು. ಮಾತ್ರೆ ಶುರುವಾದ ಮೇಲೆ ಬಿ.ಪಿ. ನೋಡಿಸ್ತಾ ಇರಿ, ಅದು ಕೆಲಸ ಮಾಡ್ತಿದೆಯೋ ಇಲ್ಲವೋ ಯಂತ್ರವೇ ಹೇಳುತ್ತೆ" ಅಂದರು. ತಮಿಳುನಾಡಿನಲ್ಲಿ ಕೊಂಡ ಔಷಧಿಯ ಮಾದರಿಗಳನ್ನು ತಯಾರಕರ ಹೆಸರು ಮರೆಮಾಡಿ ಪರೀಕ್ಷೆಗೆ ಕಳಿಸುತ್ತಾರೆ. ಪರೀಕ್ಷೆ ಮಾಡುವವನಿಗೆ ಅದು ಯಾರ ಮಾಲು ಎಂದು ಗೊತ್ತೇ ಆಗುವುದಿಲ್ಲ. ಎಷ್ಟು ಸರಳವಾದ ಜಾಣತನ ನೋಡಿ.

ಜನೌಷಧಿ ಅಂಗಡಿಯ ಬಗ್ಗೆ ಹೇಳದೆ ಹೋದರೆ ಮಾತು ಪೂರ್ತಿಯಾಗದು. 2008ರಲ್ಲಿ ಶುರುವಾದ ಈ ಅಂಗಡಿಗಳಲ್ಲಿ ಮೂಲ ಹೆಸರಿನ ಔಷಧಿ, ಪೇಟೆಯ ಬೆಲೆಗಿಂತ ನೂರಕ್ಕೆ 50ರಿಂದ 90ರಷ್ಟು ಕಡಿಮೆ ಎಂದು ಸರ್ಕಾರದ ಲೆಕ್ಕ. 2019ರಿಂದ ಹೆಣ್ಣುಮಕ್ಕಳ ಪ್ಯಾಡನ್ನೂ ಒಂದು ರೂಪಾಯಿಗೊಂದರಂತೆ ಅಲ್ಲಿ ಇಟ್ಟರು. ಹೆಣ್ಣುಮಕ್ಕಳಿರುವ ತಾಯಂದಿರು ತಿಳಿದಿರಬೇಕಾದ ವಿಷಯ. 2025ರ ಮೇ ತಿಂಗಳಲ್ಲಿ ನಮ್ಮ ರಾಜ್ಯ ಸರ್ಕಾರ, ಸರ್ಕಾರಿ ಆಸ್ಪತ್ರೆಯ ಆವರಣದಲ್ಲಿ ಈ ಅಂಗಡಿಗಳು ಬೇಡ, ಆಸ್ಪತ್ರೆಯಲ್ಲೇ ಔಷಧಿ ಉಚಿತವಾಗಿ ಕೊಡಬೇಕಾದದ್ದು ಎಂದು ಆದೇಶ ಮಾಡಿತು. ಅಂಗಡಿಯವರು ಕೋರ್ಟಿಗೆ ಹೋದರು, ಜುಲೈನಲ್ಲಿ ಹೈಕೋರ್ಟಿನ ಧಾರವಾಡ ಪೀಠ ತಡೆ ಕೊಟ್ಟಿತು. ನಮ್ಮ ಮನೆಯಲ್ಲಿ ಇದರ ಮೇಲೆ ಎರಡು ದಿನ ಜಗಳ. ನಮ್ಮವರು ಸರ್ಕಾರದ ಕಡೆ: ಉಚಿತವಾಗಿ ಕೊಡಬೇಕಾದ ಜಾಗದಲ್ಲಿ ಅಂಗಡಿ ಇಟ್ಟರೆ, ಕಿಟಕಿಯವನಿಗೆ "ಅಲ್ಲಿ ಹೋಗಿ ತಗೊಳ್ಳಿ" ಅನ್ನುವುದು ಸುಲಭವಾಗುತ್ತೆ ಅಂತ. ಅದರಲ್ಲಿ ಸತ್ಯವಿದೆ, ಒಪ್ಪುತ್ತೇನೆ. ಆದರೆ ನಾನು ಹೇಳಿದ್ದು ಇಷ್ಟೆ. ಮೊದಲು ಕಿಟಕಿ ತುಂಬಿಸಿ, ಆಮೇಲೆ ಅಂಗಡಿ ಮುಚ್ಚಿ. ಹಳೆಯ ಮಡಕೆ ಒಡೆಯುವ ಮೊದಲು ಹೊಸ ಮಡಕೆಯಲ್ಲಿ ನೀರು ನಿಲ್ಲುತ್ತದೆಯೇ ಎಂದು ನೋಡುವವರು ನಾವು ಹೆಂಗಸರು.

ಈಗ ನಾನು ಮಾಡುವುದನ್ನು ಹೇಳುತ್ತೇನೆ, ನಿಮಗೆ ಹಿಡಿಸಿದರೆ ನೀವೂ ಮಾಡಿ. ಡಾಕ್ಟರು ಬರೆಯುವಾಗಲೇ, "ಮೇಡಂ, ಇದು ನಮ್ಮ ಕಿಟಕಿಯಲ್ಲಿ ಇದೆಯಾ? ಇಲ್ಲದಿದ್ದರೆ ಇರುವುದರಲ್ಲಿ ಯಾವುದಾದರೂ ಆಗುತ್ತಾ?" ಎಂದು ಕೇಳುತ್ತೇನೆ. ಮೊದಲ ಸಲ ಕೇಳುವಾಗ ನಾಲಗೆ ಒಣಗಿತ್ತು. ಒಬ್ಬ ಡಾಕ್ಟರು ಸಿಡುಕಿದ್ದೂ ಉಂಟು. ಕಿಟಕಿಯಲ್ಲಿ ಇಲ್ಲ ಅಂದರೆ ಮೂಲ ಹೆಸರು ಹೇಳಿ ಇನ್ನೊಮ್ಮೆ ಕೇಳುತ್ತೇನೆ; ಎರಡು ಸಲ ಹಾಗೆ ಕೇಳಿದ ಮೇಲೆ ಕಪಾಟಿನಿಂದ ಹೊರಬಂದಿದೆ. ನಿಜವಾಗಿ ಇಲ್ಲದಿದ್ದರೆ ಯಾವಾಗ ಬರುತ್ತದೆ ಎಂದು ಕೇಳುತ್ತೇನೆ. ಆಸ್ಪತ್ರೆಗೆ ಆರೋಗ್ಯ ರಕ್ಷಾ ಸಮಿತಿ ಎಂದು ಒಂದಿರುತ್ತದೆ, ತುರ್ತಿಗೆ ಅದರ ಹಣದಲ್ಲಿ ಔಷಧಿ ಕೊಳ್ಳಲು ಅವಕಾಶವಿದೆ ಎಂದು ನಮ್ಮೂರಿನ ಆಶಾ ಕಾರ್ಯಕರ್ತೆ ಹೇಳಿಕೊಟ್ಟಳು. ಒಂದು ಮಾತು ಮಾತ್ರ ಗಟ್ಟಿಯಾಗಿ ಹೇಳುತ್ತೇನೆ. ಹೆಸರು ಗೊತ್ತಾಯಿತು ಎಂದು ಡಾಕ್ಟರನ್ನು ಕೇಳದೆ ನೀವೇ ಮಾತ್ರೆ ಬದಲಾಯಿಸಬೇಡಿ, ಎರಡಕ್ಕೆ ಕತ್ತರಿಸಬೇಡಿ. ಕತ್ತರಿಸಿದ್ದರ ಫಲ ನಮ್ಮ ಮನೆಯ ಜಗಲಿಯ ಮೇಲೆ ಕೂತಿದೆ.

ಹೋದ ತಿಂಗಳು ಕಿಟಕಿಯಲ್ಲಿ ಆಮ್ಲೋಡಿಪಿನ್ ಮುಗಿದಿತ್ತು, ಮುಂದಿನ ವಾರ ಬನ್ನಿ ಅಂದರು. ಒಂದು ವಾರ ಅತ್ತೆಯನ್ನು ಹಾಗೇ ಬಿಡುವಂತಿಲ್ಲ. ಚಾಮರಾಜನಗರದ ಜನೌಷಧಿ ಅಂಗಡಿಗೆ ಹೋಗಿ ಒಂದು ಹಾಳೆ ತಂದೆ. ಬಸ್ಸಿನ ಖರ್ಚು ನಮಗೆ ಹೇಗೂ ಇಲ್ಲ, 2023ರ ಜೂನ್‌ನಿಂದ ಹೆಂಗಸರಿಗೆ ಪುಕ್ಕಟೆ. ಮನೆಗೆ ಬಂದು ಡಬ್ಬಿಗೆ ಹಾಕುತ್ತಿದ್ದೆ. ಅತ್ತೆ ಜಗಲಿಯಿಂದಲೇ, "ಎಷ್ಟಾಯ್ತವ್ವ? ದಿಟ ಹೇಳು" ಅಂದರು.

"ಒಂದು ಮೊಳ ಮಲ್ಲಿಗೆಗಿಂತ ಕಮ್ಮಿ ಅತ್ತೆ."

ನಂಬಲಿಲ್ಲ. ಮೊಮ್ಮಗಳನ್ನು ಕರೆದು ಬಿಲ್ಲು ಓದಿಸಿದರು. ಅವಳು ಓದಿದಳು. ಇನ್ನೊಂದು ಸಲ ಓದು ಅಂದರು. ಮತ್ತೆ ಓದಿದಳು. ಆಮೇಲೆ ನನ್ನ ಕಡೆ ಬಲಗೈ ಚಾಚಿ, "ತಕ್ಕೋ ಬಾ, ಇವತ್ತಿಂದು ನುಂಗ್ತೀನಿ. ನೀರು ಕೊಡು" ಅಂದರು.